ಟೇಪು ಸುತ್ತಿದ ಬಾತುಗಳು

...ಅಥವಾ ಆ ವಾಸನೆ ಬಾಲ್ಕನಿಯದ್ದೇ ಅಲ್ಲ, ಅಡುಗೆಮನೆಯದ್ದು ಇರಬಹುದು. ಚಾಕು ಕಾಯಿಸಲು ಗ್ಯಾಸಿನ ಒಲೆ ಬೇಕು, ಒಲೆ ಇದ್ದದ್ದು ಅಡುಗೆಮನೆಯಲ್ಲಿ. ಹಾಗಾದರೆ ಪಪ್ಪ ಬಾಲ್ಕನಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಹಿಂದೆ ಒಣಗಲು ಹಾಕಿದ ಬಟ್ಟೆಗಳು ಹಾರಾಡುತ್ತಿರುವಾಗ, ತೊಡೆಯ ಮೇಲೆ ಹಳೆಯ ಟವೆಲು ಹಾಸಿಕೊಂಡು ಥರ್ಮೋಕೋಲಿನ ಬಾತುಗಳನ್ನು ಕೆತ್ತುತ್ತಿದ್ದರು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಚಿತ್ರ ಎಲ್ಲಿಂದಲೋ ಜೋಡಿಸಿಕೊಂಡದ್ದು. ಕಳೆದ ವಾರ ಅಬುಧಾಬಿಯ ಖಾಲಿದಿಯಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಹೊಸ ಟಿವಿ ಬಂತು. ಅದರ ಪೆಟ್ಟಿಗೆಯೊಳಗಿನ ಬಿಳಿ ಥರ್ಮೋಕೋಲನ್ನು ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಎತ್ತಿಟ್ಟುಕೊಂಡಿದ್ದಳು. ಸಂಜೆ ನಾನು ಆಫೀಸಿನಿಂದ ಬಂದು ಬಾಗಿಲು ತೆರೆದರೆ ಮನೆಯಿಡೀ ಆ ವಾಸನೆ: ಸ್ವಲ್ಪ ಸಿಹಿ, ಸ್ವಲ್ಪ ಔಷಧಿಯಂತೆ, ಗಂಟಲಿನ ಹಿಂಭಾಗಕ್ಕೆ ಹೋಗಿ ಅಂಟಿ ಕೂರುವಂಥದ್ದು. ಅವಳು ಕಾದ ಚಾಕುವಿನಿಂದ ಹಾಳೆಯನ್ನು ಕುಯ್ಯುತ್ತಿದ್ದಳು. ಬೈಯಬೇಕಿತ್ತು, ಬೈಯಲಿಲ್ಲ. ಚಪ್ಪಲಿ ಬಿಡದೆ ನಿಂತೇ ಇದ್ದೆ. "ಮಮ್ಮಾ, ಇಟ್ಸ್ ಓಕೆ, ವಿಂಡೋ ಓಪನ್ ಉಂಟು" ಎಂದಳು ಅವಳು, ನನ್ನ ಮುಖವನ್ನು ತಪ್ಪಾಗಿ ಓದಿಕೊಂಡು.

ನನ್ನ ಪಪ್ಪ, ಲಾರೆನ್ಸ್, ದುಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹಂಸ ಕೆತ್ತುತ್ತಿದ್ದರು. ಮದುವೆಯ ಬಫೆಗಳಲ್ಲಿ ಮೇಜಿನ ನಡುವೆ ನಿಲ್ಲಿಸುತ್ತಾರಲ್ಲ, ಐಸಿನದ್ದು, ಅಥವಾ ಬಜೆಟ್ಟು ಸಣ್ಣದಾದರೆ ಥರ್ಮೋಕೋಲಿನದ್ದು, ಅಂಥ ಹಂಸ. ಕಲ್ಲಂಗಡಿಯಲ್ಲಿ ಗುಲಾಬಿ, ಕ್ಯಾರೆಟ್ಟಿನಲ್ಲಿ ಚಿಟ್ಟೆ ಕೂಡ ಮಾಡುತ್ತಿದ್ದರು, ಆದರೆ ಹೋಟೆಲಿನಲ್ಲಿ ಅವರಿಗೆ ಹಂಸದ ಲಾರೆನ್ಸ್ ಎಂದೇ ಹೆಸರು. ಅವರು ತಮ್ಮ ಜೀವನದಲ್ಲಿ ಹಂಸವನ್ನು ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ಬಾತು, ಅದರಲ್ಲೂ ಒಂದೇ ಬಾತು. ಅವರು ಹುಟ್ಟಿದ್ದು ಊರಲ್ಲಿ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ಉಪ್ಪುನೀರು, ಮಧ್ಯೆ ನಾಲ್ಕು ಮನೆ, ತೆಂಗು, ಒಂದು ಶಿಲುಬೆ. ಚಳಿಗಾಲಕ್ಕೆ ಅಲ್ಲಿಗೆ ಸಿಳ್ಳೆ ಬಾತುಗಳು ಇಳಿಯುತ್ತಿದ್ದವು. ಕಂದು ಮೈ, ನೀಳ ಕುತ್ತಿಗೆ, ಹಾರುವಾಗ ಬಾಯಿಂದ ಎರಡು ಸ್ವರದ ಸಿಳ್ಳೆ. ನನ್ನ ಅಜ್ಜ ಕೇಪಿನ ಕೋವಿ ಹಿಡಿದು ಅವನ್ನು ಹೊಡೆಯುತ್ತಿದ್ದರಂತೆ. ಕುದ್ರುವಿನ ಗಂಡಸರು ತೆಂಗಿನ ಮಡಲಿನ ಮರೆಗಳನ್ನು ಕಟ್ಟಿ, ಯಾವ ಮರೆ ಯಾರಿಗೆ ಎಂದು ಕಡ್ಡಿ ಎತ್ತುತ್ತಿದ್ದರು. ಪ್ರತಿ ಮನೆಯ ಅತಿ ಸಣ್ಣ ಮಗು ಕಡ್ಡಿ ಎತ್ತಬೇಕು, ಎತ್ತಿದ ಮಗುವನ್ನು ಮರೆಯೊಳಗೆ ಜೊತೆಗೆ ಕೂರಿಸಿಕೊಳ್ಳಬೇಕು, ಇದು ಅಲ್ಲಿಯ ಕ್ರಮ. ಪಪ್ಪ ಹಾಗೆ ಐದು ವರ್ಷದವರಿದ್ದಾಗ ಅಜ್ಜನ ಮೊಣಕಾಲುಗಳ ನಡುವೆ ಕುಳಿತು, ಅಜ್ಜ ಕೈಗಳನ್ನು ಬಟ್ಟಲಿನಂತೆ ಮಾಡಿ ಊದಿದ ಸಿಳ್ಳೆಗೆ ಆಕಾಶದಿಂದ ಒಂದು ಹಕ್ಕಿ ತಿರುಗಿ ಕೆಳಗಿಳಿದದ್ದನ್ನು ಕಂಡಿದ್ದರು. ಅಜ್ಜ ಅದನ್ನು ಹೊಡೆದರೇ ಎಂದು ನಾವು ಕೇಳಿದಾಗಲೆಲ್ಲ ಅವರು ಉತ್ತರ ಬದಲಿಸುತ್ತಿದ್ದರು. ಕರೆದದ್ದು, ಬಂದದ್ದು, ಈ ಎರಡು ಮಾತ್ರ ಎಂದೂ ಬದಲಾಗಲಿಲ್ಲ.

ನಾವಿದ್ದದ್ದು ದುಬೈಯ ಅಲ್ ಕುಸೈಸಿನಲ್ಲಿ, ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟನ್ನು ಇನ್ನೊಂದು ಕುಟುಂಬದೊಂದಿಗೆ ಹಂಚಿಕೊಂಡು. ಒಂದು ಕೋಣೆ ನಮ್ಮದು: ಪಪ್ಪ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಮ್ಮಿ, ನಾನು, ನನ್ನ ತಂಗಿ ಶೆರಿಲ್. ಇನ್ನೊಂದು ಕೋಣೆ ಹಮೀದಾಕನದ್ದು. ಅವರು ಉಳ್ಳಾಲದ ಕಡೆಯ ಬ್ಯಾರಿ, ಕಟ್ಟಡ ಸಾಮಾನಿನ ಅಂಗಡಿಯೊಂದರ ವ್ಯಾನು ಓಡಿಸುತ್ತಿದ್ದರು. ಜೊತೆಗೆ ಅವರ ಹೆಂಡತಿ ಆಯಿಶಾ ಆಂಟಿ ಮತ್ತು ನಾಲ್ಕು ವರ್ಷದ ಮಗಳು ಶಫಿಯಾ. ಹಾಲಿನ ನಡುವೆ ಹೂವಿನ ಪರದೆ. ಪರದೆಯ ಆಚೆಯವರು ಬ್ಯಾರಿ ಭಾಷೆ, ಈಚೆಯವರು ಕೊಂಕಣಿ, ಪರದೆ ಸರಿಸಿದಾಗ ತುಳುವೋ ಕನ್ನಡವೋ. ಈಗ ಬರೆಯುತ್ತ ನನಗೆ ಬಾಯಿಯ ಮಾತುಗಳೆಲ್ಲ ಕನ್ನಡದಲ್ಲೇ ಕೇಳಿಸುತ್ತವೆ. ಅವರು ನಿಜವಾಗಿ ಯಾವ ಭಾಷೆಯಲ್ಲಿ ಆಡಿದ್ದರು ಎಂದು ಆಣೆ ಮಾಡಿ ಹೇಳಲಾರೆ. ಬೆಳಿಗ್ಗೆ ಕಾವಲಿಯ ಮೇಲೆ ಉಬ್ಬುವ ಆಯಿಶಾ ಆಂಟಿಯ ಪತ್ತಿರ್ ಎಂಬ ಅಕ್ಕಿರೊಟ್ಟಿಯ ವಾಸನೆ, ಕ್ರಿಸ್ಮಸ್ಸಿಗೆ ನಮ್ಮ ನೆವ್ರಿ ಎಂಬ ಸಿಹಿ ಕಡುಬು ಕರಿಯುವ ಎಣ್ಣೆಯ ವಾಸನೆ, ವರ್ಷವಿಡೀ ಬಾತ್‌ರೂಮಿನ ಹೊಂಡದಿಂದ ಏಳುವ ಫಿನಾಯಿಲು, ಇವೆಲ್ಲ ಒಂದರೊಳಗೊಂದು ಸೇರಿ ಅದೇ ಮನೆಯ ಗಾಳಿಯಾಗಿತ್ತು. ಫ್ರಿಜ್ಜಿನಲ್ಲಿ ಮೇಲಿನ ಎರಡು ತಟ್ಟೆ ಅವರದ್ದು, ಕೆಳಗಿನ ಎರಡು ನಮ್ಮದು. ಮಕ್ಕಳಾದ ನಾವು ಯಾವ ತಟ್ಟೆಯನ್ನೂ ಲೆಕ್ಕಿಸುತ್ತಿರಲಿಲ್ಲ.

ಕೆರೆಯ ಸುದ್ದಿ ತಂದದ್ದು ಹಮೀದಾಕ. ಅಬುಧಾಬಿಯ ಕಡೆ ಸಿಮೆಂಟು ಇಳಿಸಲು ಹೋದಾಗ ಮರಳಿನ ನಡುವೆ ನೀರು ಕಂಡರಂತೆ, ನೀರಿನ ಮೇಲೆ ಗುಲಾಬಿ ಬಣ್ಣದ ಹೊಗೆ ಕಂಡರಂತೆ, ಹೊಗೆ ಎದ್ದು ಹಾರಿತಂತೆ. ಸರ್ಕಾರದ ಜಾಗ, ಯಾರು ಬೇಕಾದರೂ ಹೋಗಬಹುದು. ನಗರದ ಕೊಳಚೆ ನೀರನ್ನು ಶುದ್ಧಮಾಡಿ ಬಿಟ್ಟದ್ದರಿಂದ ಹುಟ್ಟಿದ ಕೆರೆ ಅದು. "ಈಸ್ ಇಟ್ ಅವರ್ ಟಾಯ್ಲೆಟ್ ವಾಟರ್?" ಎಂದು ಶೆರಿಲ್ ಕೇಳಿದ್ದಳು. "ಅಬುಧಾಬಿಯವರದ್ದು ಮಗಳೇ, ನಮ್ಮದು ಅಷ್ಟು ದೂರ ಹೋಗುದಿಲ್ಲ" ಎಂದರು ಹಮೀದಾಕ. ನೀರಿನ ಅಂಚಿಗೆ ಖರ್ಜೂರದ ಗರಿಯಿಂದ ಹೆಣೆದ ಮರೆಗುಡಿಸಲುಗಳಿದ್ದವು, ಐದೋ ಆರೋ. ಹಕ್ಕಿಗೆ ಕಾಣದಂತೆ ಒಳಗೆ ಕುಳಿತು ಕಿಂಡಿಯಿಂದ ನೋಡುವುದು. ಜಾಗ ಕಡಿಮೆ, ಬರುವವರು ಹೆಚ್ಚು, ಆದ್ದರಿಂದ ಶುಕ್ರವಾರ ಬೆಳಿಗ್ಗೆ ಅಲ್ಲಿಯ ನಾತೂರ್, ಅಂದರೆ ಕಾವಲಿನವ, ಎತ್ತರದ ಸುಡಾನಿ ಮುದುಕ, ಹಾಲುಪುಡಿಯ ಡಬ್ಬಿಯಲ್ಲಿ ಖರ್ಜೂರದ ಬೀಜ ಹಾಕಿ ಕುಲುಕುತ್ತಿದ್ದ. ಒಂದು ಗೀರು ಇರುವ ಬೀಜ ಮೊದಲನೆಯ ಗುಡಿಸಲು, ಎರಡು ಗೀರಿನದ್ದು ಎರಡನೆಯದು, ಹೀಗೆ. ತೀರಾ ಕೊನೆಯ ಗುಡಿಸಲಿಗೆ ಗೀರೇ ಇಲ್ಲದ ಬೀಜ. ಅಡ್ಡಗೀರಿನ ಬೀಜ ಎತ್ತಿ ಏನೂ ಸಿಗದವರು ದಾರಿಬದಿಯಲ್ಲಿ ನಿಂತು ನೋಡಿಕೊಂಡು ಮರಳಬೇಕು. ಬಂದ ಗುಂಪಿನ ಅತಿ ಸಣ್ಣ ಮಗು ಬೀಜ ತೆಗೆಯಬೇಕು ಎಂದು ಆ ಮುದುಕ ತಾನಾಗಿ ಕ್ರಮ ಮಾಡಿಕೊಂಡಿದ್ದ. ಇದನ್ನು ಹಮೀದಾಕ ಹೇಳಿದ ರಾತ್ರಿ ಪಪ್ಪ ಊಟದ ತಟ್ಟೆಯಿಂದ ಕೈ ಎತ್ತಿ ಹಾಗೇ ಕುಳಿತುಬಿಟ್ಟರು. ಮರೆ, ಬಾತು, ಕಡ್ಡಿಯ ಬದಲು ಬೀಜ, ಎತ್ತಲು ಮಗು. ಸಮುದ್ರದ ಈಚೆ ಯಾರೋ ಅವರ ಕುದ್ರುವನ್ನು ಮರಳಿನಲ್ಲಿ ಮತ್ತೆ ಮಾಡಿಟ್ಟಿದ್ದರು.

ಗುಂಡು ಹೊಡೆಯುವ ಮಾತೇ ಇರಲಿಲ್ಲ. ಆ ದೇಶದಲ್ಲಿ ಅದಕ್ಕೆ ಜೈಲು. ಆದರೂ ನಮ್ಮ ಮನೆಯಲ್ಲಿ ಅದನ್ನು ಬೇಟೆ ಎಂದೇ ಕರೆಯುತ್ತಿದ್ದೆವು. ಗುರುವಾರ ಸಂಜೆ ಮಮ್ಮಿ, ನಾಳೆ ಬೇಟೆ ಉಂಟಲ್ಲ, ಬೇಗ ಮಲಗಿ ಎನ್ನುತ್ತಿದ್ದರು. ಪಪ್ಪ ಅದನ್ನು ಬೇಟೆಯಂತೆಯೇ ಮಾಡುತ್ತಿದ್ದರು ಕೂಡ. ಬಿಳಿ ಬಟ್ಟೆ ಬೇಡ, ಸಾಬೂನಿನ ವಾಸನೆ ಬೇಡ, ಚಿಪ್ಸಿನ ಪ್ಯಾಕೆಟ್ಟು ಸದ್ದು ಮಾಡುತ್ತದೆಂದು ಅದನ್ನು ಮನೆಯಲ್ಲೇ ಒಡೆದು ಬಟ್ಟೆಯ ಚೀಲಕ್ಕೆ ಸುರಿಯುವುದು. ಮತ್ತು ಬಾತುಗಳು. ನೀರಿನ ಮೇಲೆ ತೇಲಿಬಿಟ್ಟ ಸುಳ್ಳು ಬಾತುಗಳನ್ನು ಕಂಡು ನಿಜವಾದವು ಇಳಿಯುತ್ತವೆ. ಕುದ್ರುವಿನಲ್ಲಿ ಅವನ್ನು ಹಗುರ ಮರದಿಂದ ಮಾಡುತ್ತಿದ್ದರು, ಇಲ್ಲಿ ಪಪ್ಪನ ಕೈಗೆ ಒಗ್ಗಿದ್ದು ಥರ್ಮೋಕೋಲು. ಹೋಟೆಲಿನಲ್ಲಿ ಉಳಿದ ತುಂಡುಗಳಿಂದ ಬಾಲ್ಕನಿಯಲ್ಲೋ ಅಡುಗೆಮನೆಯಲ್ಲೋ ಏಳು ಬಾತು ಎದ್ದವು. ಮೊದಮೊದಲು ಅವುಗಳ ಕುತ್ತಿಗೆ ಹಂಸದಂತೆ ಬಾಗುತ್ತಿತ್ತು. ಕೈ ಅಭ್ಯಾಸ ಬಿಡುವುದಿಲ್ಲ ನೋಡು ಎಂದು ನಗುತ್ತ ಕುತ್ತಿಗೆ ಕತ್ತರಿಸಿ ಮತ್ತೆ ಅಂಟಿಸುತ್ತಿದ್ದರು. ಬಣ್ಣ ಬಳಿದ ದಿನ ಆದದ್ದು ಮಾತ್ರ ನನಗೆ ಖಂಡಿತ ನೆನಪಿದೆ: ಡಬ್ಬದ ಆಯಿಲ್ ಪೇಂಟು ತಗಲಿದ್ದೇ ಥರ್ಮೋಕೋಲು ಸುಸ್ಸೆಂದು ಕರಗತೊಡಗಿತು. ಬಾತಿನ ಬೆನ್ನಿನಲ್ಲಿ ಹೊಂಡ ಬಿತ್ತು, ಕಣ್ಣು ಒಳಗಿಳಿಯಿತು. ಶೆರಿಲ್ ಬೊಬ್ಬೆ ಹಾಕಿ ಅತ್ತಳು. ಪರದೆ ಸರಿಸಿ ಬಂದ ಹಮೀದಾಕ ಒಂದು ಗಳಿಗೆ ನೋಡಿ ಒಳಗೆ ಹೋದರು, ಊರಿಗೆ ಕಳಿಸುವ ಕಾರ್ಟನ್ನುಗಳಿಗೆ ಸುತ್ತುವ ಕಂದು ಟೇಪಿನ ಉರುಳೆ ಹಿಡಿದು ಬಂದರು. ಟೇಪು ಸುತ್ತಿದಾಗ ಬಾತುಗಳು ನೀರಿಗೆ ಹೆದರಬೇಕಾಗಿರಲಿಲ್ಲ. ಬಣ್ಣವೂ, ಪಪ್ಪ ಬೆಳಕಿಗೆ ಹಿಡಿದು ನೋಡಿ ಹೇಳಿದಂತೆ, ಸಿಳ್ಳೆ ಬಾತಿನದ್ದೇ.

ಅಲ್ಲಿಯೇ ತಪ್ಪಿದ್ದು. ಕೊಲ್ಲಿಯ ಕೆರೆಗೆ ಬರುವ ಬಾತುಗಳು ಬೇರೆ: ಉತ್ತರದ ಚಳಿಯಿಂದ ಇಳಿಯುವ ಸೂಜಿಬಾಲದವು, ಸಲಿಕೆಯಂಥ ಕೊಕ್ಕಿನವು, ಹಸಿರು ತಲೆಯವು. ಸಿಳ್ಳೆ ಬಾತು ಅಲ್ಲಿಯ ಹಕ್ಕಿಯೇ ಅಲ್ಲ. ಪಪ್ಪ ಊರಿನ ಬಣ್ಣದ ಬಾತು ಮಾಡಿ, ಊರಿನ ಸಿಳ್ಳೆ ಊದಿ, ಆ ಭಾಷೆಯೇ ತಿಳಿಯದ ಹಕ್ಕಿಗಳನ್ನು ಕರೆಯುತ್ತಿದ್ದರು. ಅವರಿಗೆ ಇದು ಗೊತ್ತಿರಲಿಲ್ಲವೇ? ಬಾತು ಇದ್ದಲ್ಲಿ ಸಿಳ್ಳೆ ಬಾತು ಇದ್ದೇ ಇರುತ್ತದೆ ಎಂದು ನಂಬಿದ್ದರೆಂದು ನನಗನಿಸುತ್ತದೆ, ಅನ್ನ ಇದ್ದಲ್ಲಿ ಸಾರು ಇರುವಂತೆ. ಅವರು ಸ್ನಾನದ ಮನೆಯಲ್ಲಿ, ಲಿಫ್ಟಿನಲ್ಲಿ, ಶರ್ಟಿಗೆ ಇಸ್ತ್ರಿ ಹಾಕುವಾಗ ಆ ಸಿಳ್ಳೆಯನ್ನು ಅಭ್ಯಾಸ ಮಾಡುತ್ತಿದ್ದರು. ಕೈಗಳ ಬಟ್ಟಲು, ಮಡಚಿದ ನಾಲಿಗೆ, ಎರಡು ಸ್ವರ, ಎರಡನೆಯದು ಮೇಲಕ್ಕೆ ಜಾರಿ ತೆಳ್ಳಗಾಗುತ್ತಿತ್ತು. ಆಯಿಶಾ ಆಂಟಿಗೆ ಅದು ಆಗುತ್ತಿರಲಿಲ್ಲ. ಮನೆಯೊಳಗೆ ಸಿಳ್ಳೆ ಹಾಕಿದರೆ ಬೇಡದ್ದೆಲ್ಲ ಒಳಗೆ ಬರುತ್ತದೆ ಎಂಬ ಭಯ ಅವರಿಗೆ. ಸಂಜೆಯ ನಮಾಜಿನ ಹೊತ್ತಿಗೆ ಪರದೆಯ ಹಿಂದಿನಿಂದ, ಲಾರೆನ್ಸಣ್ಣ, ಮಗ್ರಿಬ್ ಆಯ್ತು, ಸಿಳ್ಳೆ ಸಾಕು ಎನ್ನುತ್ತಿದ್ದರು. ಹಮೀದಾಕನಂತೂ ಹುಟ್ಟಿದ ಮೇಲೆ ಒಮ್ಮೆಯೂ ಸಿಳ್ಳೆ ಹಾಕಿದವರಲ್ಲವಂತೆ. ಮುಂದಿನ ಹಲ್ಲುಗಳ ನಡುವೆ ಸಂದಿ ಇತ್ತು ಅವರಿಗೆ, ಶೆರಿಲ್ ಅವರಿಗೆ ಕಲಿಸಲು ಕುಳಿತರೆ ಬರೀ ಗಾಳಿ ಬರುತ್ತಿತ್ತು. "ನನ್ನದು ಪಂಕ್ಚರ್ ಟೈರು ಮಗಳೇ" ಎಂದು ಹೇಳಿ ಎದ್ದುಹೋಗುತ್ತಿದ್ದರು.

ಆ ಚಳಿಗಾಲದಲ್ಲಿಯೇ ಹೋಟೆಲು ಕೈ ಬದಲಾಯಿಸಿತು. ಹೊಸ ಮಾಲೀಕರಿಗೆ ಹಂಸ ಬೇಕಿರಲಿಲ್ಲ. ಪಪ್ಪನ ವೀಸಾ ಕ್ಯಾನ್ಸಲ್ ಆಗುವುದೆಂದು ತಿಳಿಯಿತು. ಶಾಲೆಯ ವರ್ಷ ಮುಗಿಯುವವರೆಗೆ ನಾವು ಮಮ್ಮಿಯ ಜೊತೆ ಇಲ್ಲಿ, ಪಪ್ಪ ಮುಂಚೆಯೇ ಊರಿಗೆ. ಕುದ್ರುವಿಗಲ್ಲ, ಅಲ್ಲಿಯ ಮನೆ ಯಾವತ್ತೋ ಹೋಗಿತ್ತು. ಮರಳು ತೆಗೆದು ತೆಗೆದು ಹೊಳೆ ದಂಡೆಯನ್ನೇ ನುಂಗಿತ್ತು, ಬಾತು ಇಳಿಯುವ ಕೆಸರು ಗದ್ದೆ ಉಳಿದಿರಲಿಲ್ಲ. ಇದನ್ನು ಅವರು ನಮಗೆ ಬಿಡಿಸಿ ಹೇಳಿದವರಲ್ಲ. ಆದರೆ ಒಂದು ಸಂಜೆ ಕಾರ್ಟನ್ನು ಕಟ್ಟುವಾಗ ನನ್ನನ್ನು ಕರೆದು ಹೇಳಿದ ಮಾತು ಇದೆ. "ಪುತಾ, ನನ್ನಪ್ಪ ನನಗೆ ಬಿಟ್ಟದ್ದು ಅದೊಂದೇ. ಕರೆದರೆ ಬರ್ತದೆ ಅಂತ ತೋರಿಸಿದ್ರು. ನಾನು ಹೋಗುವ ಮೊದಲು ನೀವಿಬ್ಬರು ಒಮ್ಮೆ ನೋಡ್ಬೇಕು, ಅಷ್ಟೇ." ನನಗೆ ಆಗ ಹತ್ತು ವರ್ಷ. ಮಾತಿನ ಭಾರ ತಿಳಿಯಲಿಲ್ಲ, ಆದರೆ ಅವರು ನೋಡದೆಯೇ ಟೇಪು ಎಳೆಯುತ್ತಿದ್ದದ್ದು, ಟೇಪು ಕಿರ್ರೆಂದದ್ದು ತಿಳಿಯಿತು.

ಕೊನೆಯ ಗುಡಿಸಲು ಸಿಕ್ಕಿದರೆ ಮಾತ್ರ ಅದು ಸಾಧ್ಯ ಎಂದು ಪಪ್ಪ ಹೇಳುತ್ತಿದ್ದರು. ಅಲ್ಲಿ ಜೊಂಡು ನೀರಿನವರೆಗೆ ಬಂದಿತ್ತು, ಸೂರ್ಯ ಬೆನ್ನ ಹಿಂದೆ ಏಳುತ್ತಿದ್ದ, ದಾರಿಯ ಸದ್ದು ತಲುಪುತ್ತಿರಲಿಲ್ಲ. ಶೆರಿಲ್‌ಳ ಕೈಗೆ ಅದು ಒಮ್ಮೆಯೂ ಬಂದಿರಲಿಲ್ಲ. ಒಂದು ವಾರ ಏನೂ ಸಿಗಲಿಲ್ಲ, ಒಂದು ವಾರ ಲಾರಿಗಳ ಧೂಳು ಬೀಳುವ ಮೊದಲನೆಯದು, ಮತ್ತೊಂದು ವಾರ ಮತ್ತೆ ಮೊದಲನೆಯದು. ಅವಳಿಗೆ ಆರು ವರ್ಷ. ಕೈಯದ್ದೇ ದೋಷವೆಂದು ನಂಬಿಬಿಟ್ಟಿದ್ದಳು. ರಾತ್ರಿ ಮಲಗಿದಾಗ ಬಲಗೈಯನ್ನು ದಿಂಬಿನಡಿ ಇಟ್ಟು ಪ್ರಾರ್ಥಿಸುತ್ತಿದ್ದಳು.

ಪಪ್ಪ ಹೊರಡುವುದಕ್ಕೆ ಮುಂಚಿನ ಕೊನೆಯ ಶುಕ್ರವಾರ ಎರಡೂ ಮನೆಯವರು ಹಮೀದಾಕನ ವ್ಯಾನಿನಲ್ಲಿ ಹೋದೆವು; ಮಮ್ಮಿಗೆ ಡ್ಯೂಟಿ ಇದ್ದದ್ದರಿಂದ ಅವರು, ಆಯಿಶಾ ಆಂಟಿಗೆ ಚಳಿ ಒಗ್ಗದ ಕಾರಣ ಅವರು, ಇಬ್ಬರೂ ಉಳಿದರು. ಹಿಂದಿನ ಸೀಟಿನಲ್ಲಿ ಸಿಮೆಂಟಿನ ಹುಡಿ, ಕಾಲ ಬಳಿ ಅಕ್ಕಿಯ ಗೋಣಿಯಲ್ಲಿ ಏಳು ಬಾತು. ಜುಮ್ಮಾ ನಮಾಜಿಗೆ ಮುಂಚೆ ಮರಳಬೇಕು, ಅಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಸಂಜೆ ನಮಗೆ ಚರ್ಚು. ತಡವಾಯಿತು, ಯಲ್ಲಾ ಯಲ್ಲಾ ಎಂದು ಹಮೀದಾಕ ದಾರಿಯುದ್ದಕ್ಕೂ ವ್ಯಾನಿಗೇ ಹೇಳುತ್ತಿದ್ದರು. ಆ ಬೆಳಿಗ್ಗೆ ಮಂಜು ಇತ್ತು, ಕೊಲ್ಲಿಯ ಚಳಿಗಾಲದ ಮಂಜು, ದೀಪದ ಕಂಬಗಳು ಒಂದೊಂದೇ ಹುಟ್ಟಿ ಒಂದೊಂದೇ ಕರಗುತ್ತಿದ್ದವು. ಅಥವಾ ಮಂಜು ಇದ್ದದ್ದು ಬೇರೆ ಶುಕ್ರವಾರವೋ. ಈ ಬರಹದಲ್ಲಿ ನನಗೆ ಬೇಕಾದಲ್ಲಿ ಮಂಜನ್ನು ಹಾಕಿಕೊಳ್ಳುತ್ತಿದ್ದೇನೆಂಬ ಅನುಮಾನ ನನಗೇ ಇದೆ.

ನಾತೂರ್ ಡಬ್ಬಿ ಕುಲುಕಿದ. ಪ್ರತಿ ಸಲದಂತೆ, ಬಂದೂಕ್ ಮಾಫಿ, ಸೌಂಡ್ ಮಾಫಿ, ಅಂದರೆ ಬಂದೂಕೂ ಕೂಡದು ಸದ್ದೂ ಕೂಡದು ಎಂದ. ಪ್ರತಿ ಸಲದಂತೆ ಗೋಣಿಯೊಳಗೆ ಇಣುಕಿ ಟೇಪಿನ ಬಾತುಗಳನ್ನು ಕಂಡು ಭುಜ ಕುಣಿಸಿ ನಕ್ಕ. ಹಮೀದಾಕ ಮತ್ತು ಶಫಿಯಾ ಬೇರೆ ಗುಂಪು, ನಾವು ಬೇರೆ. ಎರಡು ಗುಂಪಾದರೆ ಎರಡು ಅವಕಾಶ ಎಂದು ಅವರೇ ಹಾಗೆ ಮಾಡಿಸಿದ್ದರು. ಶೆರಿಲ್ ಕಣ್ಣುಮುಚ್ಚಿ ಕೈ ಹಾಕಿದಳು. ಒಂದು ಗೀರು. ದಾರಿಬದಿಯ ಗುಡಿಸಲು. ಅವಳ ಹಿಂದೆ ಶಫಿಯಾ, ಆಟದ ಸಾಮಾನೆಂದುಕೊಂಡು ಮೊಣಕೈವರೆಗೆ ಕೈ ಹಾಕಿ, ಗೀರೇ ಇಲ್ಲದ ನುಣ್ಣನೆಯ ಬೀಜವನ್ನು ಎತ್ತಿದಳು.

"ತಕೋ ಮಾರಾಯ, ನೀನು ಅಲ್ಲಿಗೆ ಹೋಗು" ಎಂದರು ಹಮೀದಾಕ, ಮಗಳ ಅಂಗೈಯಿಂದ ಬೀಜ ಬಿಡಿಸಿ ಚಾಚುತ್ತ. "ನನಗೆ ಎಂತಕ್ಕೆ ಅದು? ನಾನು ಹೋಗಿ ಬಾತಿಗೆ ಸಿಮೆಂಟು ಮಾರುದಾ?"

ಪಪ್ಪ ಬೀಜವನ್ನು ನೋಡಿದರು, ಮುಟ್ಟಲಿಲ್ಲ. "ಬೇಡ ಹಮೀದ್. ಬಿದ್ದ ಜಾಗ ಬಿದ್ದದ್ದೇ. ನಮ್ಮಲ್ಲಿ ಬದಲಿಸುದಿಲ್ಲ."

"ಇದೆಂತ ನಿನ್ನ ಕುದ್ರುವಾ?"

"ಅಲ್ಲದಿದ್ರೆ ನಾನು ಇಷ್ಟು ದೂರ ಯಾಕೆ ಬರ್ತಿದ್ದೆ?"

ಹಮೀದಾಕ ಬೀಜವನ್ನು ಜೇಬಿಗೆ ಹಾಕಿಕೊಂಡರು. ಮಗಳನ್ನು ಹೆಗಲಿಗೇರಿಸಿಕೊಂಡು ಜೊಂಡಿನ ಕಡೆ ನಡೆದರು. ಶೆರಿಲ್ ಬಲಗೈಯನ್ನು ಸ್ವೆಟರಿನೊಳಗೆ ಅಡಗಿಸಿಕೊಂಡಿದ್ದಳು. ಪಪ್ಪ ಆ ಕೈಯನ್ನೇ ಹುಡುಕಿ ಹಿಡಿದುಕೊಂಡು ನಮ್ಮನ್ನು ದಾರಿಬದಿಯ ಗುಡಿಸಲಿಗೆ ಕರೆದೊಯ್ದರು.

ಒಳಗೆ ಒಣ ಗರಿಯ ವಾಸನೆ, ಯಾರೋ ಬಿಟ್ಟುಹೋದ ಸೂರ್ಯಕಾಂತಿ ಬೀಜದ ಸಿಪ್ಪೆ. ಪಪ್ಪ ಪ್ಯಾಂಟು ಮಡಚಿ ನೀರಿಗಿಳಿದು ಬಾತುಗಳನ್ನು ಒಂದೊಂದಾಗಿ ಬಿಟ್ಟರು, ಮೀನಿನ ದಾರ, ದಾರದ ತುದಿಗೆ ಕಲ್ಲು. ಮರಳಿ ಬಂದು ನಮ್ಮಿಬ್ಬರನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡರು. ಅವರ ಒದ್ದೆ ಪ್ಯಾಂಟಿನ ತಣುಪು ನನ್ನ ಬೆನ್ನಿಗೆ ಇಳಿಯಿತು. ಮೊದಲು ಏನೂ ಇರಲಿಲ್ಲ. ಬೂದುಬಣ್ಣ, ಅದರ ಮೇಲೆ ಇನ್ನೊಂದು ಬೂದುಬಣ್ಣ. ಆಮೇಲೆ ಸದ್ದು ಬಂತು, ರೂಪಕ್ಕಿಂತ ಮುಂಚೆ: ಸಾವಿರ ಜನ ಒಟ್ಟಿಗೆ ಪಿಸುಗುಟ್ಟಿದಂತೆ, ನೀರನ್ನು ಸೋಸುವ ಕೊಕ್ಕುಗಳ ಸದ್ದು. ಬೂದು ಮೆಲ್ಲಗೆ ಹರಿದು ಅದರೊಳಗಿಂದ ಕಾಲುಗಳು ಕಂಡವು, ಕಾಲುಗಳು ಮಾತ್ರ, ಒಂದು ಕಾಡಿನಷ್ಟು. ಕಾಲುಗಳ ಮೇಲೆ ಗುಲಾಬಿ ಬಣ್ಣ ಏರಿತು: ಫ್ಲೆಮಿಂಗೋಗಳು, ರಾಜಹಂಸಗಳು. ಇಷ್ಟು ವರ್ಷ ಐಸಿನಲ್ಲಿ ಕೆತ್ತಿ ಕರಗಿಸಿದ್ದೆಲ್ಲ ಇಲ್ಲಿ ಬಂದು ನಿಂತಿವೆಯೆಂಬಂತೆ ಪಪ್ಪ ಉಸಿರು ಹಿಡಿದರು. ಅವರ ಎದೆ ನಿಂತದ್ದು ನನ್ನ ತಲೆಗೆ ಗೊತ್ತಾಯಿತು. ನಾನು ಚರ್ಚಿನಲ್ಲಿ ಮೊಣಕಾಲೂರಿದಾಗಲೂ ಅಷ್ಟು ಸಣ್ಣವಳಾಗಿರಲಿಲ್ಲ.

ಬಾತುಗಳೂ ಇದ್ದವು, ದೂರದಲ್ಲಿ, ಗುಂಪುಗುಂಪಾಗಿ, ನಮ್ಮ ಏಳನ್ನು ನೋಡಿಯೂ ನೋಡದಂತೆ. ಲಾರಿಯೊಂದು ಹೋಯಿತು. ಗುಂಪು ಇನ್ನಷ್ಟು ದೂರ ಸರಿಯಿತು. ಪಪ್ಪ ಊದಿದರು. ಏನೂ ಆಗಲಿಲ್ಲ. ಕಾದು ಮತ್ತೆ ಊದಿದರು. ಇನ್ನೊಂದು ಲಾರಿ. "ಪಪ್ಪಾ, ದೆ ಆರ್ ನಾಟ್ ಕಮಿಂಗ್" ಎಂದು ಶೆರಿಲ್ ಪಿಸುಗುಟ್ಟಿದಳು, ಆಮೇಲೆ ಇನ್ನೂ ಮೆಲ್ಲಗೆ, ಬಿಕಾಸ್ ಆಫ್ ಮಿ ಎಂದಳು. ಪಪ್ಪ ಅವಳ ತಲೆಯ ಮೇಲೆ ಗಲ್ಲವೂರಿದರು. ಬಿಸಿಲು ಏರುತ್ತಿತ್ತು. ಹೊರಡುವ ಹೊತ್ತು ಹತ್ತಿರವಾಯಿತೆಂದು ನನಗೂ ತಿಳಿಯುತ್ತಿತ್ತು. ಅವರು ಮತ್ತೆ ಕೈಗಳ ಬಟ್ಟಲು ಮಾಡಿದರು. ಆ ಸಲದ ಸಿಳ್ಳೆ ಹಕ್ಕಿಗೆಂದು ಊದಿದ್ದು ಅನಿಸಲಿಲ್ಲ. ಅದು ತುಂಬ ಹೊತ್ತು ನೀರಿನ ಮೇಲೆ ನಿಂತಿತ್ತು.

ಆಗ ಜೊಂಡಿನ ಕಡೆಯಿಂದ ಉತ್ತರ ಬಂತು. ಎರಡು ಸ್ವರ. ಎರಡನೆಯದು ಮೇಲಕ್ಕೆ ಜಾರುವಲ್ಲಿ ಸ್ವಲ್ಪ ಒಡೆದಿತ್ತು.

ಪಪ್ಪನ ಮೈ ಬಿಗಿಯಿತು. ಮತ್ತೊಮ್ಮೆ ಊದಲಿಲ್ಲ, ಕೈಗಳು ಬಾಯಿಯ ಬಳಿಯೇ ಉಳಿದವು. ಕೊನೆಯ ಗುಡಿಸಲಿನ ಹತ್ತಿರದ ಜೊಂಡು ಅಲುಗಿ ಒಂದು ಹಕ್ಕಿ ಎದ್ದಿತು, ನೀರಿಗೆ ಎಷ್ಟು ತಾಗಿ ಹಾರಿತೆಂದರೆ ಅದರ ಕೆಳಗೆ ಇನ್ನೊಂದು ಹಕ್ಕಿ ತಲೆಕೆಳಗಾಗಿ ಹಾರುತ್ತಿತ್ತು. ಕಂದು ಬಣ್ಣ. ಅದು ನಮ್ಮತ್ತ ಬಂತು, ಒಂದು ಸುತ್ತು ಹಾಕಿತು, ಕಾಲು ಮುಂದೆ ಚಾಚಿ ನಮ್ಮ ಬಾತುಗಳ ನಡುವೆ ಕುಳಿತಿತು. ಅದು ಎಬ್ಬಿಸಿದ ಅಲೆಗೆ ಏಳೂ ಬಾತುಗಳು ತಲೆಯಾಡಿಸಿದವು. ಬಿಸಿಲಿಗೆ ಟೇಪು ಮಿನುಗುತ್ತಿತ್ತು, ಹಕ್ಕಿಯ ಬೆನ್ನೂ ಮಿನುಗುತ್ತಿತ್ತು, ಒಂದು ಗಳಿಗೆ ಎಂಟರಲ್ಲಿ ಜೀವ ಇರುವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ಒಂದು ಕತ್ತು ಹೊರಳಿಸಿ ನಮ್ಮ ಕಿಂಡಿಯನ್ನು ನೋಡಿತು. ಶೆರಿಲ್ ಸ್ವೆಟರಿನೊಳಗಿಂದ ಬಲಗೈ ತೆಗೆದು, ಬೆರಳು ತೋರಿಸದೆ, ಬರೀ ಅಂಗೈ ತೆರೆದು ಹಿಡಿದಳು.

ಎಲ್ಲಿಂದಲೋ ಗಿಡುಗನ ನೆರಳು ಬಿದ್ದಿರಬೇಕು. ಇಡೀ ಕೆರೆ ಎದ್ದಿತು. ಸಾವಿರ ರೆಕ್ಕೆಗಳ ಕೆಳಗಿನ ಕೆಂಪು ಒಟ್ಟಿಗೆ ತೆರೆದುಕೊಂಡಿತು, ಆಕಾಶ ಆ ಬಣ್ಣದಿಂದ ಮುಚ್ಚಿತು, ಗುಡಿಸಲಿನ ಗರಿಗಳು ಗಾಳಿಗೆ ನಡುಗಿದವು. ಅದು ನಮ್ಮ ಮೇಲಿಂದ ಹಾದು ಹೋಯಿತು. ಮತ್ತೆ ನೀರನ್ನು ನೋಡಿದಾಗ ಅಲ್ಲಿ ಏಳೇ ಇದ್ದವು.

ಹಮೀದಾಕ ಮಗಳನ್ನು ಹೆಗಲಿನಲ್ಲಿ ಮಲಗಿಸಿಕೊಂಡು ಬಂದರು, ಏನಾದರೂ ಬಂತಾ ಎಂದು ಕೇಳಲಿಲ್ಲ. ವಾಚು ತೋರಿಸಿ, ಖಲಾಸ್, ಜುಮ್ಮಾ ತಪ್ಪುತ್ತದೆ ಎಂದರು ಅಷ್ಟೇ. ಪಪ್ಪನೂ ಏನೂ ಕೇಳಲಿಲ್ಲ. ಬಾತುಗಳನ್ನು ಒರೆಸಿ ಗೋಣಿಗೆ ಹಾಕಿದರು. ದಾರಿಯಲ್ಲಿ ಇಬ್ಬರೂ ಊರಿನ ಮೀನಿನ ರೇಟಿನ ಬಗ್ಗೆ ಮಾತಾಡಿದರು. ಸಂಜೆ ಮಮ್ಮಿ ಡ್ಯೂಟಿಯಿಂದ ಬಂದು ಬಾಗಿಲಲ್ಲೇ ನಿಂತು ಪಪ್ಪನ ಮುಖ ನೋಡಿದಾಗ, ಅವರು ಹೇಳಿದ್ದು ಒಂದೇ ಮಾತು. "ಬಂತು."

ಆ ವಾರ ಪಪ್ಪ ಹೋದರು, ಬೇಸಿಗೆಗೆ ನಾವು. ಪರದೆಯ ಎರಡೂ ಕಡೆ ಬೇರೆಯವರು ಬಂದರಂತೆ. ನಾನು ಕೆಲಸಕ್ಕೆಂದು ಈ ದೇಶಕ್ಕೆ ಮರಳಿದ ಮೇಲೆ ಒಮ್ಮೆ ಆ ಕಟ್ಟಡದ ಕೆಳಗೆ ನಿಂತೆ. ಹತ್ತಿರದಲ್ಲೇ ಮೆಟ್ರೋ ಓಡುತ್ತದೆ. ನಮ್ಮ ಬಾಲ್ಕನಿಗೆ ಗಾಜು ಹಾಕಿದ್ದಾರೆ, ಹಾಗಾಗಿ ಅಲ್ಲಿ ಸ್ಟೂಲಿಗೆ ಜಾಗವಿತ್ತೇ ಎಂದು ಅಳೆಯಲೂ ಆಗಲಿಲ್ಲ. ಪಪ್ಪ ಊರಲ್ಲಿ ಕೇಕಿನ ಸಣ್ಣ ಅಂಗಡಿ ಇಟ್ಟರು, ಮದುವೆಯ ಕೇಕಿನ ಮೇಲೆ ಜೋಡಿ ಹಂಸ ಇಡುತ್ತಿದ್ದರು, ಅವರು ತೀರಿಹೋಗಿ ಈಗ ಕೆಲವು ವರ್ಷವಾಯಿತು. ಬಾತುಗಳ ಗೋಣಿ ಎಲ್ಲಿ ಹೋಯಿತೋ.

ನಾನು ಸುಮ್ಮನಿರಲಿಲ್ಲ, ಕೇಳುತ್ತ ಹೋದೆ. ಹಕ್ಕಿಗಳನ್ನು ಬಲ್ಲವರು, ಸಿಳ್ಳೆ ಬಾತು ಅಲ್ಲಿಗೆ ಬರುವುದಿಲ್ಲ ಎಂದರು. ಹೆಣ್ಣು ಬಾತುಗಳು ಹೆಚ್ಚಾಗಿ ಕಂದೇ, ದೂರದಿಂದ ಯಾವುದೂ ಯಾವುದಾಗಿಯೂ ಕಾಣಬಹುದು ಎಂದರು. ಒಬ್ಬರು ಮಾತ್ರ, ದಾರಿ ತಪ್ಪಿದ ಹಕ್ಕಿಗೆ ಭೂಪಟ ಗೊತ್ತಿರುವುದಿಲ್ಲ ಎಂದು ನಕ್ಕರು. ಶೆರಿಲ್ ಈಗ ಆಕ್ಲೆಂಡಿನಲ್ಲಿದ್ದಾಳೆ. ಬಾತು ಬಂದದ್ದು ಅವಳಿಗೆ ನೆನಪಿದೆ, ತನ್ನ ಕೈಯೂ ನೆನಪಿದೆ. "ಸಿಳ್ಳೆ? ನೋ. ಯಾರೂ ತಿರುಗಿ ಸಿಳ್ಳೆ ಹಾಕಿಲ್ಲ. ಯು ಆಡೆಡ್ ದಟ್" ಎನ್ನುತ್ತಾಳೆ. ಶಫಿಯಾ ತಾನು ಗುಡಿಸಲಿನಲ್ಲಿ ನಿದ್ದೆ ಹೋಗಿದ್ದೆ ಎನ್ನುತ್ತಾಳೆ.

ಹಮೀದಾಕನನ್ನು ಎರಡು ವರ್ಷದ ಹಿಂದೆ ಉಳ್ಳಾಲದಲ್ಲಿ ಕಂಡೆ. ಬಾಯಿ ತುಂಬ ಹೊಸ ಹಲ್ಲಿನ ಸೆಟ್ಟು, ಸಂದಿ ಹೋಗಿದೆ. ಆಯಿಶಾ ಆಂಟಿ ಪತ್ತಿರ್ ಬಡಿಸಿದರು. ಊಟವೆಲ್ಲ ಮುಗಿದ ಮೇಲೆ ಕೇಳಿಯೇಬಿಟ್ಟೆ, ಆ ದಿನ ಜೊಂಡಿನಿಂದ ಸಿಳ್ಳೆ ಹಾಕಿದ್ದು ನೀವಾ ಎಂದು. ಅವರು ಹೆಂಡತಿ ಒಳಗೆ ಹೋಗುವವರೆಗೆ ಕಾದರು.

"ನಾನು ಸಿಳ್ಳೆ ಹಾಕುವ ಜನವಾ ಮಗಳೇ?"

ಅವರು ಬೆರಳಿನಿಂದ ಮೇಜಿನ ಮೇಲಿನ ನೀರನ್ನು ಅತ್ತಿತ್ತ ಎಳೆದರು.

"ಲಾರೆನ್ಸ ಎಂತ ಹೇಳಿದ್ದ?"

"ಬಂತು ಅಂದಿದ್ರು."

"ಹಾಗಾದ್ರೆ ಬಂತು" ಎಂದರು, ಕೈ ತೊಳೆಯಲು ಎದ್ದರು.

ಟಿವಿ ಬಂದ ವಾರವೇ ಮಗಳನ್ನು ಆ ಕೆರೆಗೆ ಕರೆದುಕೊಂಡು ಹೋದೆ. ಈಗ ಫೋನಿನಲ್ಲಿ ಹೆಸರು ಹಾಕಿದರೆ ಅದೇ ಲಾಟರಿ ಎತ್ತಿ ಗುಡಿಸಲಿನ ನಂಬರು ಕಳಿಸುತ್ತದೆ. ಗುಡಿಸಲುಗಳು ಮರದವು, ಮೆಟ್ಟಿಲು ಇದೆ, ಬೋರ್ಡು ಇದೆ. ನಮಗೆ ಬಂದದ್ದು ದಾರಿಬದಿಯದ್ದು. ರಾಜಹಂಸಗಳು ಎದ್ದಾಗ ಮಗಳು ನನ್ನ ಕೈ ಹಿಡಿ ಹಿಡಿದು ಅಲುಗಿಸಿದಳು. ನನಗೆ ಸಿಳ್ಳೆ ಹಾಕಲು ಬರುವುದಿಲ್ಲ. ಮರಳುವಾಗ ಕಾರಿನಲ್ಲಿ ಈ ಕಥೆಯನ್ನು, ಇಲ್ಲಿ ಬರೆದಷ್ಟೇ, ಹೇಳಿದೆ. ಅವಳು ಕೇಳಿದಳು, ಹಾಗಾದರೆ ಉತ್ತರ ಕೊಟ್ಟದ್ದು ಯಾರು, ಅಜ್ಜನಿಗೆ ಅದು ಗೊತ್ತಿತ್ತಾ ಎಂದು.

ಉತ್ತರ ಕೊಟ್ಟದ್ದು ಯಾರೆಂದು ನನಗೆ ಗೊತ್ತಿಲ್ಲ. ಪಪ್ಪನಿಗೆ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ. ಕೇಳಬಹುದಾಗಿದ್ದ ವರ್ಷಗಳಲ್ಲಿ ನಾನು ಅವರನ್ನು ಕೇಳಲಿಲ್ಲ.